ಒಂದು ಚೊಂಬು ಬಿಸಿನೀರು

ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡೆಂದು ಸಂಪಾದಕ ಸಮಿತಿಯ ಅಧ್ಯಾಪಕರು ಕೇಳಿದಾಗ, ‘ಇಲಿಗಳ ವಿಷಯ ಬರೆಯಲೇ ಸಾರ್?’ ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ‘ವಿನೋದ ಪ್ರಬಂಧವೇನಯ್ಯಾ?’ ಎಂದರು. ಹೌದೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುತ್ತಿರುವ ಅಂತಿಮ ಬಿ. ಎ. ವಿದ್ಯಾರ್ಥಿಗೆ ಪ್ರಯೋಗಶಾಲೆಯ ಇಲಿಯೊಡನೆ ಏನು ನಂಟೆಂದು ಓದುಗರೂ ಕೇಳಬಹುದು. ನಂಟು ನಾನಾಗಿ ಹುಡುಕಿಕೊಂಡು ಹೋದದ್ದಲ್ಲ. ನಮ್ಮ ಮನೆಯ ಬಚ್ಚಲಿನಲ್ಲಿ ತಾನಾಗಿ ಬಂದು ಒದಗಿದ್ದು. ವಿಜ್ಞಾನ ಬಲ್ಲ ಗುರುಹಿರಿಯರು ಇದರಲ್ಲಿ ತಪ್ಪು ಕಂಡರೆ ಮನ್ನಿಸಿ ತಿದ್ದಬೇಕು.

ನಮ್ಮೂರು ಮಾಲೂರು ತಾಲ್ಲೂಕಿನ ಟೇಕಲ್. ಬೆಂಗಳೂರಿನಿಂದ ಬಂಗಾರಪೇಟೆಯ ಕಡೆಗೆ ರೈಲಿನಲ್ಲಿ ಹೋದವರು, ಮಾಲೂರು ದಾಟಿದ ಮೇಲೆ, ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತಿರುವ ಗುಡ್ಡಗಳನ್ನು ಕಿಟಕಿಯಿಂದ ನೋಡಿರುತ್ತಾರೆ. ನೋಡುವವರಿಗೆ ಅದು ಸೊಗಸು, ನಮಗೆ ಅನ್ನ. ನಮ್ಮ ತಂದೆ ಕಲ್ಲು ಒಡೆಯುವವರು, ಅವರ ತಂದೆಯೂ ಅದೇ ಕೆಲಸದವರು. ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲಿಗನಾದ್ದರಿಂದ, ಮನೆಗೆ ಬರುವ ಕಾಗದ, ರಸೀದಿ, ಔಷಧದ ಚೀಟಿ ಎಲ್ಲವನ್ನೂ ಓದಿ ಹೇಳುವ ಅಧಿಕಾರವೂ ಹೊಣೆಯೂ ನನ್ನದೇ. ‘ನೋಡೋ, ಏನಂತೆ?’ ಎಂದು ಅಪ್ಪ ಕಾಗದವನ್ನು ಮುಂದೆ ಹಿಡಿಯುತ್ತಾರೆ. ಇಂಗ್ಲಿಷಿನದಾದರೆ ಅರ್ಥವಾಗದಿದ್ದರೂ ಒಂದಿಷ್ಟು ಹೊತ್ತು ದಿಟ್ಟಿಸಿ ನೋಡಿ ಏನಾದರೊಂದು ಹೇಳಿಬಿಡುವುದು ನನಗೆ ರೂಢಿಯಾಗಿತ್ತು. ಈ ದುರಭ್ಯಾಸವನ್ನು ಬಿಡಿಸಿದ್ದು ನನ್ನ ತಮ್ಮನ ಕಾಯಿಲೆ.

ಆಗ ನನಗೆ ಹದಿನಾರು, ಅವನಿಗೆ ಹತ್ತು. ನರಕ ಚತುರ್ದಶಿಯ ಬೆಳಗಿನ ಜಾವ. ಹಿಂದಿನ ಸಂಜೆಯೇ ಅಮ್ಮ ಹಂಡೆಯನ್ನು ಬೆಳಗಿ, ಸುಣ್ಣದ ಪಟ್ಟೆ ಬಳಿದು, ಕೊರಳಿಗೆ ಹೂ ಸುತ್ತಿ, ನೀರು ತುಂಬಿಸಿದ್ದಳು. ಅಜ್ಜಿ ಇಬ್ಬರ ನೆತ್ತಿಗೂ ಹರಳೆಣ್ಣೆ ತಟ್ಟಿ, ‘ಚಿಕ್ಕೋನಿಗೆ ನೀನೇ ಹುಯ್ಯೋ’ ಎಂದು ನನ್ನ ಕೈಗೆ ಚೊಂಬು ಕೊಟ್ಟಳು. ನಮ್ಮ ಕಡೆ ತಲೆಗೆ ಹುಯ್ದುಕೊಳ್ಳುವುದೆಂದರೆ ದಿನನಿತ್ಯದ ಮಾತಲ್ಲ; ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ಹಬ್ಬಕ್ಕಂತೂ ತಪ್ಪದೆ. ನೀರು ಹೊಗೆಯಾಡುತ್ತಿರಬೇಕು, ಚೊಂಬಿನ ಹಿಂದೆ ಚೊಂಬು ಬೀಳುತ್ತಿರಬೇಕು. ಸುಡದಿದ್ದರೆ ಅದು ಎಣ್ಣೆ ನೀರೇ ಅಲ್ಲ ಎಂಬುದು ಅಜ್ಜಿಯ ಶಾಸ್ತ್ರ.

ಮೊದಲನೆಯ ಚೊಂಬಿಗೆ ತಮ್ಮ ‘ಅಯ್ಯಯ್ಯೋ ಸುಡುತ್ತೆ’ ಎಂದು ಕುಣಿದ. ಮೂರನೆಯದಕ್ಕೆ ಸುಮ್ಮನಾದ. ಆರೋ ಏಳೋ ಆಗಿರಬೇಕು, ‘ಇನ್ನೂ ಬಿಸಿ ಹುಯ್ಯಣ್ಣ’ ಎಂದ. ಹುಯ್ದೆ. ‘ಇನ್ನೂ, ಇನ್ನೂ, ಬೇಗ’ ಎಂದ. ದನಿ ಏನೋ ತೊದಲಿದಂತಿತ್ತು. ಹುಡುಗಾಟವೆಂದುಕೊಂಡು ತಣ್ಣೀರು ಬೆರೆಸದೆ ಹಂಡೆಯಿಂದ ನೇರವಾಗಿ ಮೊಗೆದೆ. ಆ ಚೊಂಬು ಅವನ ನೆತ್ತಿಯ ಮೇಲೆ ಬಿದ್ದಾಗ ಅವನು ಕೂಗಲಿಲ್ಲ. ಕಣ್ಣು ಒಂದೇ ಕಡೆ ನೆಟ್ಟಿತು, ಕತ್ತು ಬಲಕ್ಕೆ ತಿರುಗಿತು, ಆಮೇಲೆ ಇಡೀ ಮೈ ಕಲ್ಲಿನ ಮೇಲೆ ಸೆಟೆದು ಬಡಿದುಕೊಳ್ಳಲಾರಂಭಿಸಿತು. ಸೀಗೆಕಾಯಿಯ ಬಟ್ಟಲು ಉರುಳಿತು. ನಾನು ಕೂಗಿಕೊಂಡೆ.

ಅಪ್ಪ ಓಡಿಬಂದು, ಕೈಗೆ ಸಿಕ್ಕಿದ ಉಳಿಯನ್ನು ತಮ್ಮನ ಅಂಗೈಗೆ ತುರುಕಿದರು. ಅಜ್ಜಿ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಳು. ಎರಡು ನಿಮಿಷದಲ್ಲಿ ಮೈ ಸಡಿಲಾಯಿತು, ಹುಡುಗ ನಿದ್ದೆ ಹೋದ. ಕಬ್ಬಿಣ ಹಿಡಿಸಿದ್ದರಿಂದಲೇ ನಿಂತಿತೆಂದು ಅಪ್ಪನ ಮನಸ್ಸಿನ ಒಂದು ಮೂಲೆ ಇಂದಿಗೂ ನಂಬಿದೆ. ತಾನಾಗಿ ನಿಲ್ಲುವುದಕ್ಕೆ ಉಳಿಗೆ ಹೆಸರು ಬಂತು. ಏನಾಯಿತೆಂದು ಎಲ್ಲರೂ ಕೇಳಿದಾಗ ನಾನು, ‘ಹುಯ್ತಾ ಇದ್ದೆ, ಬಿದ್ದ’ ಎಂದಷ್ಟೇ ಹೇಳಿದೆ. ಅವನು ಇನ್ನೂ ಬಿಸಿ ಕೇಳಿದ್ದನ್ನೂ, ನಾನು ತಣ್ಣೀರು ಬೆರೆಸದಿದ್ದುದನ್ನೂ ಹೇಳಲಿಲ್ಲ.

ಮುಂದಿನ ಒಂದೂವರೆ ವರ್ಷದ ಕಥೆಯನ್ನು ಬೆಳೆಸಲಾರೆ. ದಾರ ಕಟ್ಟಿಸಿದ್ದಾಯಿತು, ಕೋಲಾರಮ್ಮನಿಗೆ ಹರಕೆ ಹೊತ್ತದ್ದಾಯಿತು. ಮೂರ್ಛೆ ಬರುವುದು ತಲೆಗೆ ಹುಯ್ಯುವ ದಿನ ಮಾತ್ರ ಎಂಬುದನ್ನು ಮೊದಲು ಗುರುತಿಸಿದವಳು ಅಮ್ಮ. ಅದನ್ನು ಕೇಳಿ ಅಜ್ಜಿ, ಬಚ್ಚಲಿನಲ್ಲೇ ಏನೋ ಸೇರಿಕೊಂಡಿದೆ ಎಂದಳು. ಅಪ್ಪ ಮಾತಾಡದೆ ಎರಡು ದಿನ ಕೆಲಸ ಬಿಟ್ಟು, ಹಳೆಯ ಬಚ್ಚಲನ್ನು ಕಿತ್ತು, ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ಹೊಸ ಚಪ್ಪಡಿ ಹಾಸಿ ಬೇರೆ ಬಚ್ಚಲು ಕಟ್ಟಿದರು. ಬಹಳ ಒಳ್ಳೆಯ ಬಚ್ಚಲು. ಈಗಲೂ ಅದೇ ಇದೆ. ಮೂರ್ಛೆ ಅಲ್ಲಿಗೂ ಬಂತು. ಶಿಲ್ಪಗಳಲ್ಲಿ ನಟರಾಜನ ಪಾದದಡಿ ಬಿದ್ದಿರುವ ಕುಳ್ಳನಿಗೆ ಅಪಸ್ಮಾರನೆಂದು ಹೆಸರೆಂಬುದನ್ನು ಆ ಮೇಲೆ ನಮ್ಮ ಇತಿಹಾಸದ ಅಧ್ಯಾಪಕರಿಂದ ತಿಳಿದೆ. ಅವನನ್ನು ಶಿವನೇ ತುಳಿದು ಹಿಡಿಯಬೇಕಾಯಿತಂತೆ. ಕಲ್ಲು ಒಡೆಯುವವರ ಒಂದು ಚಪ್ಪಡಿಗೆ ಅವನು ಬಗ್ಗಿಯಾನೆ?

ಕೊನೆಗೆ ಊರಿನವರೊಬ್ಬರ ಮಾತಿನಂತೆ, ಒಂದು ಮುಂಜಾನೆ ನಾಲ್ವರೂ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಹೋದೆವು. ಸರತಿ ಬರುವಾಗ ಮಧ್ಯಾಹ್ನ. ಇವನ ಸಂಕಟವನ್ನು ಹೇಳಿದರೆ ವೈದ್ಯರು ನಕ್ಕುಬಿಟ್ಟಾರೆಂದು ಅಮ್ಮನಿಗೆ ಭಯ: ನೀರು ಹುಯ್ದರೆ ಮೂರ್ಛೆ ಬರುತ್ತದೆಂದು ಯಾರು ನಂಬುತ್ತಾರೆ? ಆದರೆ ಅಮ್ಮ ಅರ್ಧ ಹೇಳುವಷ್ಟರಲ್ಲೇ ವೈದ್ಯರು ತಲೆಯಾಡಿಸಿ, ಉಳಿದರ್ಧವನ್ನು ತಾವೇ ಕೇಳತೊಡಗಿದರು. ‘ತಲೆಗೆ ಹುಯ್ಯುವಾಗ ಮಾತ್ರ ತಾನೇ? ಮೈಗೆ ಹುಯ್ದರೆ ಇಲ್ಲ? ನೀರು ಎಷ್ಟು ಬಿಸಿ? ಎಷ್ಟು ಚೊಂಬು ಆದ ಮೇಲೆ? ಹುಯ್ಯೋರು ಯಾರು?’ ಅಮ್ಮ ನನ್ನ ಕಡೆ ಕೈ ತೋರಿಸಿದಳು. ‘ಏನಪ್ಪಾ, ಮೂರ್ಛೆ ಬರೋಕೆ ಮುಂಚೆ ಇನ್ನೂ ಬೇಕು, ಇನ್ನೂ ಬಿಸಿ ಬೇಕು ಅಂತಾನಾ?’

ಒಂದೂವರೆ ವರ್ಷ ನುಂಗಿಕೊಂಡಿದ್ದ ಮಾತು. ‘ಅಂತಾನೆ ಸಾರ್. ನಾನು ಹುಯ್ದೆ’ ಎಂದೆ. ಅಮ್ಮ ತಿರುಗಿ ನೋಡಿದಳು. ವೈದ್ಯರು ಬರೆಯುತ್ತಲೇ, ‘ಅದು ಅವನ ಹಟ ಅಲ್ಲ, ನಿನ್ನ ತಪ್ಪೂ ಅಲ್ಲ. ಕೆಲವರಿಗೆ ಹಾಗೆ ಆಗುತ್ತೆ, ನಿಲ್ಲಿಸೋಕೆ ಆಗೋದಿಲ್ಲ, ಅದೂ ಕಾಯಿಲೆಯ ಒಂದು ಭಾಗ’ ಎಂದರು. ಇಷ್ಟು ಹಗುರವಾಗಿ ಹೇಳಿದ ಮಾತನ್ನು ನಾನು ಇಷ್ಟು ದಿನ ಎಷ್ಟು ಭಾರವಾಗಿ ಹೊತ್ತಿದ್ದೆನೋ!

ಬಿಸಿನೀರಿನ ಮೂರ್ಛೆ ಎಂದೇ ಆ ಕಾಯಿಲೆಗೆ ಹೆಸರು. 1945ರಲ್ಲಿ ನ್ಯೂಜಿಲೆಂಡಿನ ಒಬ್ಬ ವೈದ್ಯರು ಇಂಥದೊಂದನ್ನು ಮೊದಲು ವರದಿ ಮಾಡಿದರಂತೆ. ಜಪಾನಿನಲ್ಲಿ, ತುರ್ಕಿಯಲ್ಲಿ ಇದನ್ನು ಕಂಡವರಿದ್ದಾರೆ. ಆದರೆ ಇದು ತವರುಮನೆಯಂತೆ ನೆಲೆಸಿರುವುದು ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ದಕ್ಷಿಣ ಕರ್ನಾಟಕದಲ್ಲಿ. 1968ರಲ್ಲಿ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಇದನ್ನು ಕುರಿತು ಬರೆದರು. 1988ರಲ್ಲಿ ನಿಮ್ಹಾನ್ಸಿನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಇಂಥ 279 ರೋಗಿಗಳ ವಿವರವನ್ನು ಪ್ರಕಟಿಸಿದರು. ಇನ್ನೂರ ಎಪ್ಪತ್ತೊಂಬತ್ತು ಬಚ್ಚಲುಗಳು! ಅವುಗಳಲ್ಲಿ ಎಷ್ಟನ್ನು ಕಿತ್ತು ಬೇರೆ ಕಡೆ ಕಟ್ಟಿದರೋ! ನಾಲ್ವತ್ತರಿಂದ ಐವತ್ತು ಡಿಗ್ರಿಯವರೆಗಿನ ಬಿಸಿನೀರನ್ನು ಬಿಡದೆ ತಲೆಯ ಮೇಲೆ ಹುಯ್ದಾಗ ಬರುತ್ತದೆ; ಹುಡುಗರಲ್ಲಿ ಹೆಚ್ಚು, ಹುಡುಗಿಯರಲ್ಲಿ ಕಡಮೆ; ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಬರುತ್ತದೆ. ಕೆಲವರಿಗೆ ಮುಂದೆ ನೀರಿಲ್ಲದೆಯೂ ಬರತೊಡಗುತ್ತದೆ.

ವೈದ್ಯರು ಎರಡು ಮಾತು ಹೇಳಿ ಕಳುಹಿಸಿದರು. ತಲೆಗೆ ಹುಯ್ಯುವ ನೀರು ಉಗುರುಬೆಚ್ಚಗಿರಬೇಕು. ತಲೆಗೆ ಹುಯ್ಯುವ ದಿನ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಒಂದು ಮಾತ್ರೆ. ಅಪ್ಪನಿಗೆ ಇಷ್ಟು ಸುಲಭದಲ್ಲಿ ಸಮಾಧಾನವಾಗಲಿಲ್ಲ. ‘ಸ್ವಾಮೀ, ಈ ಮಾತ್ರೆ ಸರಿಹೋಗುತ್ತೆ ಅಂತ ಹೇಗೆ ಗೊತ್ತು?’ ಎಂದು ಕೇಳಿಯೇಬಿಟ್ಟರು. ವೈದ್ಯರು ಬೇಸರ ಪಡಲಿಲ್ಲ. ಮೂರ್ಛೆಯ ಮಾತ್ರೆ ಯಾವುದೇ ಆಗಲಿ, ಮನುಷ್ಯನ ಬಾಯಿಗೆ ಬರುವ ಮುಂಚೆ ಪ್ರಾಣಿಗಳಲ್ಲಿ ನೋಡಿರುತ್ತಾರೆಂದೂ, ಈ ಬಿಸಿನೀರಿನ ಕಾಯಿಲೆಯನ್ನು ಇಲ್ಲಿಯೇ ಇಲಿಗಳಲ್ಲಿ ತರಿಸಿ ನೋಡಿದ್ದಾರೆಂದೂ ಹೇಳಿದರು.

‘ಇಲಿಗೆ ನೀರು ಹುಯ್ದರಾ?’ ಎಂದರು ಅಪ್ಪ. ಹಿಂದಿರುಗುವಾಗ ರೈಲಿನಲ್ಲಿ ಪಕ್ಕದವರಿಗೂ ಅದನ್ನೇ ಹೇಳಿ ನಗಿಸಿದರು: ಬೆಂಗಳೂರಿನಲ್ಲಿ ಇಲಿಗೂ ಎಣ್ಣೆ ನೀರು ಹಾಕ್ತಾರಂತೆ! ಒಂದೂವರೆ ವರ್ಷದ ಮೇಲೆ ಅಪ್ಪ ನಕ್ಕದ್ದು ಅಂದೇ. ನಾನೂ ನಕ್ಕೆ. ಆದರೆ ರಾತ್ರಿ ಮಲಗಿದಾಗ ಆ ಇಲಿ ಬಂದು ಎದುರಿಗೆ ಕೂತಿತು.

ಅದನ್ನು ಓದಿ ತಿಳಿಯಬೇಕೆಂಬ ಆಸೆ ತೀರಿದ್ದು ಈ ಕಾಲೇಜಿಗೆ ಬಂದ ಮೇಲೆ. ಇಂಗ್ಲಿಷ್ ಅಧ್ಯಾಪಕರೊಬ್ಬರು ಮಧ್ಯಾಹ್ನದ ಬಿಡುವಿನಲ್ಲಿ ನಿಘಂಟು ಮುಂದಿಟ್ಟುಕೊಂಡು ನನ್ನೊಡನೆ ಕುಳಿತರು. 1996ರಲ್ಲಿ ಜಿ. ಆರ್. ಉಳ್ಳಾಲ, ಪಿ. ಸತೀಶ್ಚಂದ್ರ, ಎಸ್. ಕೆ. ಶಂಕರ ಈ ಮೂವರು ಪ್ರಕಟಿಸಿದ ಲೇಖನಗಳ ಸಾರ ಇಷ್ಟು. ಇಲಿಗಳಿಗೆ ಬಿಸಿನೀರು ಹುಯ್ದು ಮೈ ಕಾವೇರಿಸಿದರೆ, ಕಾವು ಒಂದು ಮಟ್ಟ ಮುಟ್ಟುತ್ತಲೂ ಅವಕ್ಕೆ ಮೂರ್ಛೆ ಬರುತ್ತದೆ. ಮಿದುಳಿನ ವಿದ್ಯುತ್ತಿನ ಗೆರೆಗಳಲ್ಲಿ ಅದು ಕಾಣುತ್ತದೆ. ಅಂಥ ಇಲಿಗಳಿಗೆ ಮೂರ್ಛೆಯ ಔಷಧಗಳನ್ನೂ, ಜೀವಕೋಶದೊಳಕ್ಕೆ ಕ್ಯಾಲ್ಸಿಯಂ ಹೋಗುವ ದಾರಿಯನ್ನು ತಡೆಯುವ ಬೇರೊಂದು ಜಾತಿಯ ಔಷಧವನ್ನೂ ಕೊಟ್ಟು, ಏನಾಗುವುದೆಂದು ನೋಡಿದರು. 2006ರಲ್ಲಿ ಇದೇ ಬಳಗ ಮತ್ತೊಂದು ಲೇಖನ ಬರೆಯಿತು: ಬಿಸಿನೀರಿನ ಮೂರ್ಛೆಯನ್ನು ಮತ್ತೆ ಮತ್ತೆ ತರಿಸಿದ ಇಲಿಗಳ ಮಿದುಳಿನಲ್ಲಿ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ, ನರದ ಎಳೆಗಳು ಹೊಸದಾಗಿ ಚಿಗುರಿದ್ದವು.

ಇಲ್ಲಿ ಒಂದು ಪದ ನನ್ನನ್ನು ಹಿಡಿದು ನಿಲ್ಲಿಸಿತು: ಕಿಂಡ್ಲಿಂಗ್. ನಿಘಂಟಿನಲ್ಲಿ ನೋಡಿದರೆ, ಒಲೆ ಹೊತ್ತಿಸಲು ಸೌದೆಗೆ ಮುಂಚೆ ಇಡುವ ಪುಳ್ಳೆ! 1960ರ ದಶಕದಲ್ಲಿ ಕೆನಡದಲ್ಲಿ ಗ್ರಹಾಂ ಗೊಡ್ಡಾರ್ಡ್ ಎಂಬುವರು ಇಲಿಗಳ ಮಿದುಳಿಗೆ ದಿನಕ್ಕೊಮ್ಮೆ ಬಹಳ ಸಣ್ಣ ವಿದ್ಯುತ್ತನ್ನು ಕೊಡುತ್ತ ಬಂದರು. ಮೊದಮೊದಲು ಏನೂ ಆಗಲಿಲ್ಲ. ದಿನ ಕಳೆದಂತೆ ಅದೇ ಸಣ್ಣ ಕಿಡಿಗೆ ಇಲಿ ಮೂರ್ಛೆ ಹೋಗತೊಡಗಿತು. ಮೂರ್ಛೆ ಮೂರ್ಛೆಗೆ ದಾರಿ ಮಾಡಿಕೊಡುತ್ತದೆ. ನಮ್ಮ ಹಂಡೆಯ ಒಲೆಯೂ ಹಾಗೆಯೇ. ಪುಳ್ಳೆ ಹೊತ್ತಿಕೊಳ್ಳುವವರೆಗೆ ಕಣ್ಣೀರು ಬರಿಸುತ್ತದೆ, ಆಮೇಲೆ ಬೇಡವೆಂದರೂ ಆರುವುದಿಲ್ಲ. ದಾರ, ಹರಕೆ, ಹೊಸ ಬಚ್ಚಲು ಎಂದು ನಾವು ಒಂದೂವರೆ ವರ್ಷ ಕಳೆದೆವಲ್ಲ, ಅಷ್ಟು ದಿನವೂ ತಮ್ಮನ ತಲೆಯೊಳಗೆ ಪುಳ್ಳೆ ಇಡುತ್ತಿದ್ದೆವೇ? ಇದನ್ನು ನಾನು ಮನೆಯಲ್ಲಿ ಹೇಳಿಲ್ಲ. ಈ ಸಂಚಿಕೆಯನ್ನು ಅಪ್ಪ ಓದಲಾರರು. ನಾನೇ ಓದಿ ಹೇಳಬೇಕು. ಈ ವಾಕ್ಯಗಳು ಬಂದಾಗ ಏನು ಮಾಡುತ್ತೇನೋ ನೋಡಬೇಕು.

ಮೂರ್ಛೆಯ ಔಷಧಗಳು ಬಂದ ಬಗೆಯನ್ನು ಹುಡುಕಿ ನೋಡಿದೆ. ಇತಿಹಾಸದ ವಿದ್ಯಾರ್ಥಿಗೆ ರಾಜರ ವಂಶಾವಳಿಗಿಂತ ಇದೇ ರುಚಿಸಿತು. ಮೊದಲಿನವು ಕುರುಡನ ಕೈಗೆ ಸಿಕ್ಕ ಕೋಲು. 1857ರಲ್ಲಿ ಇಂಗ್ಲೆಂಡಿನಲ್ಲಿ ಬ್ರೋಮೈಡ್ ಬಂತು. ಅದು ಹೇಗೆ ಕೆಲಸ ಮಾಡುತ್ತದೆಂಬ ಕಲ್ಪನೆಯೇ ತಪ್ಪಾಗಿತ್ತು, ಔಷಧ ಮಾತ್ರ ಸರಿಹೋಯಿತು. 1912ರಲ್ಲಿ ಜರ್ಮನಿಯ ಹಾಪ್ಟ್‌ಮನ್, ರೋಗಿಗಳು ನಿದ್ದೆ ಮಾಡಲೆಂದು ಫಿನೊಬಾರ್ಬಿಟಾಲ್ ಕೊಟ್ಟರೆ ಮೂರ್ಛೆಯೂ ಕಡಮೆಯಾಯಿತು. ಗಾರ್ಡಿನಾಲ್ ಎಂದು ನಮ್ಮ ಹಳ್ಳಿಗಳಲ್ಲಿ ಹೆಸರಾದ ಮಾತ್ರೆ ಅದೇ. ಆದರೆ ಅದನ್ನು ನುಂಗಿದವರಿಗೆ ಹಗಲೂ ಮಂಪರು. ಮೂರ್ಛೆ ತಪ್ಪಿಸಬೇಕಾದರೆ ಮಂಪರು ಬರಿಸಲೇಬೇಕೆಂದು ಎಲ್ಲರೂ ನಂಬಿದ್ದರು.

ಈ ನಂಬಿಕೆಯನ್ನು ಮುರಿದದ್ದು ಬೆಕ್ಕುಗಳು. ಅಮೆರಿಕದ ಬಾಸ್ಟನ್ನಿನಲ್ಲಿ ಪುಟ್ನಂ ಮತ್ತು ಮೆರಿಟ್ ಎಂಬ ಇಬ್ಬರು ವೈದ್ಯರು, ಬೆಕ್ಕಿಗೆ ಮೂರ್ಛೆ ತರಿಸಲು ಎಷ್ಟು ವಿದ್ಯುತ್ತು ಬೇಕೆಂದು ಅಳೆದು, ಒಂದೊಂದೇ ರಾಸಾಯನಿಕವನ್ನು ಕೊಟ್ಟು, ಆ ಅಳತೆ ಏರುವುದೇ ಎಂದು ನೋಡುತ್ತ ಹೋದರು. 1908ರಲ್ಲೇ ಬಿಲ್ಟ್ಸ್ ಎಂಬುವರು ತಯಾರಿಸಿ ಮೂಲೆಗೆ ಸೇರಿದ್ದ ಒಂದು ಪುಡಿ, ನಿದ್ದೆ ಬರಿಸುವುದಿಲ್ಲವೆಂದೇ ಯಾರಿಗೂ ಬೇಡವಾಗಿದ್ದದ್ದು, ಬೆಕ್ಕನ್ನು ಮೂರ್ಛೆಯಿಂದ ಕಾಪಾಡಿತು. 1937ರಲ್ಲಿ ಬೆಕ್ಕಿನ ಪರೀಕ್ಷೆಯ ವರದಿ, 1938ರಲ್ಲಿ ರೋಗಿಗಳ ಮೇಲಿನ ವರದಿ. ಅದೇ ಫೆನಿಟಾಯಿನ್. ಎಪ್ಟಾಯಿನ್ ಎಂದು ಔಷಧದಂಗಡಿಯಲ್ಲಿ ಕೇಳಿದರೆ ಅದನ್ನೇ ಕೊಡುತ್ತಾರೆ. ಬೇಕಾದ್ದನ್ನು ಹುಡುಕಿಯೇ ಪಡೆಯಬಹುದೆಂದು ಅಂದು ಗೊತ್ತಾಯಿತು.

ಆಕಸ್ಮಿಕವಾದರೂ ಪೂರ್ತಿ ಹೋಗಲಿಲ್ಲ. 1960ರ ದಶಕದ ಮೊದಲಲ್ಲಿ ಫ್ರಾನ್ಸಿನ ಗ್ರೆನೋಬ್ಲಿನಲ್ಲಿ ಕೆಲವು ಹೊಸ ವಸ್ತುಗಳನ್ನು ಪ್ರಾಣಿಗಳಲ್ಲಿ ಪರೀಕ್ಷಿಸುತ್ತಿದ್ದರು. ಕೊಟ್ಟದ್ದೆಲ್ಲ ಮೂರ್ಛೆಯನ್ನು ತಡೆಯಿತು! ಆಶ್ಚರ್ಯಪಟ್ಟು ನೋಡಿದರೆ, ಕೆಲಸ ಮಾಡಿದ್ದು ಆ ವಸ್ತುಗಳಲ್ಲ, ಅವುಗಳನ್ನು ಕರಗಿಸಲು ಬಳಸಿದ್ದ ದ್ರವ. ಅದೇ ವಾಲ್‌ಪ್ರೊಯೇಟ್. ಪಲ್ಯಕ್ಕಾಗಿ ಬಂದವನು ತಟ್ಟೆಯನ್ನು ಮೆಚ್ಚಿದಂತಾಯಿತು.

ತಮ್ಮನ ಕ್ಲೋಬಜಾಮನ್ನು ಮೊದಲು ಮಾಡಿದ್ದು ಮನಸ್ಸಿನ ಕಳವಳಕ್ಕೆ. ಮೂರ್ಛೆಯನ್ನು ತಡೆಯುವ ಗುಣ ಅದರಲ್ಲಿದೆಯೆಂಬುದು 1970ರ ದಶಕದಲ್ಲಿ ಮೊದಲು ಪ್ರಾಣಿಗಳಲ್ಲಿ ಕಂಡುಬಂದು, ಆಮೇಲೆ ಫ್ರಾನ್ಸಿನ ಆಂರಿ ಗಾಸ್ತೋ ಎಂಬ ವೈದ್ಯರು ರೋಗಿಗಳಲ್ಲಿ ಅದನ್ನು ತೋರಿಸಿದರು. ಎಂದರೆ ನಮ್ಮ ಮನೆಯ ಗೂಡಿನಲ್ಲಿ, ದೇವರ ಪಟದ ಪಕ್ಕದಲ್ಲಿ ಅಮ್ಮ ಇಟ್ಟಿರುವ ಆ ಹಾಳೆಯ ಒಂದೊಂದು ಮಾತ್ರೆಯ ಹಿಂದೆಯೂ ಹೆಸರಿಲ್ಲದ ಯಾವುದೋ ಪ್ರಾಣಿ ಇದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಲೆವೆಟಿರಾಸೆಟಾಂ ಎಂಬ ಔಷಧದ ಕಥೆ. ಹೊಸ ಔಷಧಕ್ಕೆ ಬಹುಕಾಲದಿಂದ ಎರಡು ಪರೀಕ್ಷೆ ಗೊತ್ತಾಗಿತ್ತು: ಒಂದರಲ್ಲಿ ಸುಂಡಿಲಿಗೋ ಇಲಿಗೋ ವಿದ್ಯುತ್ತಿನಿಂದ ಮೂರ್ಛೆ ತರಿಸುವುದು, ಇನ್ನೊಂದರಲ್ಲಿ ಪೆಂಟಿಲಿನ್‌ಟೆಟ್ರಜೋಲ್ ಎಂಬ ಮದ್ದಿನಿಂದ ತರಿಸುವುದು. ಲೆವೆಟಿರಾಸೆಟಾಂ ಎರಡರಲ್ಲೂ ನಪಾಸು. ಆದರೆ ದೊಡ್ಡ ಶಬ್ದ ಕೇಳಿದರೆ ಸಾಕು ಮೂರ್ಛೆ ಹೋಗುವ ಒಂದು ತಳಿಯ ಸುಂಡಿಲಿಗಳಿವೆ. ಅವುಗಳಲ್ಲಿ ಅದು ಪಾಸಾಯಿತು, ಪುಳ್ಳೆ ಹೊತ್ತಿಸಿದಂತೆ ಮೂರ್ಛೆ ಕಲಿಸಿದ ಇಲಿಗಳಲ್ಲೂ ಪಾಸಾಯಿತು. 1999ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಈಗ ಲೋಕವೆಲ್ಲ ಅದನ್ನು ನುಂಗುತ್ತಿದೆ. ಮೊದಲ ಎರಡು ಪರೀಕ್ಷೆಗಳನ್ನೇ ನಂಬಿ ಕೂತಿದ್ದರೆ ಅದು ಕಸದ ಬುಟ್ಟಿಗೆ ಹೋಗುತ್ತಿತ್ತು. ಪರೀಕ್ಷೆಯಲ್ಲಿ ನಪಾಸಾದವರನ್ನು ಕುರಿತು ನಮ್ಮ ಗುರುಗಳು ಇದನ್ನು ಮನಸ್ಸಿನಲ್ಲಿಡಬೇಕೆಂದು ಕೇಳಿಕೊಳ್ಳುತ್ತೇನೆ.

ವಿನೋದ ಹಾಗಿರಲಿ. ಮೂರ್ಛೆ ಎಂಬುದು ಒಂದೇ ಕಾಯಿಲೆಯಲ್ಲ. ಒಂದು ಬಗೆಯ ಇಲಿ ಒಂದು ಬಗೆಯ ಔಷಧವನ್ನೇ ತೋರಿಸುತ್ತದೆ. ಇಷ್ಟು ಔಷಧಗಳು ಬಂದ ಮೇಲೂ ರೋಗಿಗಳಲ್ಲಿ ಸುಮಾರು ಮೂವರಿಗೊಬ್ಬರಂತೆ ಮೂರ್ಛೆ ಹತೋಟಿಗೆ ಬಾರದೆ ಉಳಿದಿದ್ದಾರೆ. ಅವರಿಗೆ ಬೇಕಾದ ಇಲಿ ಇನ್ನೂ ಸಿಕ್ಕಿಲ್ಲವೆಂದೇ ಹೇಳಬೇಕು.

ಒಂದು ದಿನ ಗ್ರಂಥಾಲಯದ ಮೆಟ್ಟಲಮೇಲೆ ಕುಳಿತು ಇದನ್ನೆಲ್ಲ ಬಹಳ ಉತ್ಸಾಹದಿಂದ ಹೇಳುತ್ತಿದ್ದೆ. ನಮ್ಮ ತರಗತಿಯ ಗೆಳತಿಯೊಬ್ಬಳು ಕೇಳಿ ಮುಗಿಸಿ, ‘ನಿನ್ನ ತಮ್ಮನಿಗೆ ಬಂದ ಕಾಯಿಲೆಯನ್ನ ಇಲಿಗೆ ಯಾಕೆ ಕೊಡಬೇಕು?’ ಎಂದಳು. ನಾನು, ‘ನಮ್ಮನೇಲಿ ರಾಗಿ ಮೂಟೆ ಕೊರೆದವು ಅಂತ ಅಪ್ಪ ವಾರಕ್ಕೆ ಎರಡು ಇಲೀನ ಬೋನಿನಲ್ಲಿ ಹಿಡಿದು ಕೊಲ್ತಾರೆ. ಅದಕ್ಕೆ ಯಾರೂ ಕಣ್ಣೀರು ಹಾಕಲ್ಲ’ ಎಂದೆ. ಅವಳು, ‘ಆ ಇಲಿ ರಾಗಿ ಕದ್ದಿತ್ತು. ಈ ಇಲಿ ಏನು ಕದ್ದಿತ್ತು?’ ಎಂದಳು.

ಎರಡು ವರ್ಷ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತೆಗೆದುಕೊಂಡವನು ನಾನು. ಅಂದು ಉತ್ತರ ತೋಚಲಿಲ್ಲ.

ಕಾನೂನನ್ನು ಹುಡುಕಿದೆ. ರುಕ್ಮಿಣಿದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಮಾಡಿದ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆ ನಮ್ಮ ದೇಶದಲ್ಲಿ ಬಂತು. ಅದರಂತೆ ಪ್ರಯೋಗಗಳ ಮೇಲೆ ಕಣ್ಣಿಡಲು ಸಮಿತಿಯೊಂದಿದೆ. ಅದಕ್ಕೂ ಒಂದು ವರ್ಷ ಮುಂಚೆ, 1959ರಲ್ಲಿ, ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬುವರು, ಪ್ರಾಣಿಯಿಲ್ಲದೆ ಸಾಗುವುದಾದರೆ ಪ್ರಾಣಿ ಬೇಡ, ಬೇಕೇ ಬೇಕಾದರೆ ಆದಷ್ಟು ಕಡಮೆ, ಬಳಸಿದಷ್ಟಕ್ಕೂ ನೋವು ಆದಷ್ಟು ಕಡಮೆ ಎಂದು ಬರೆದಿದ್ದರು. ಈಗ ಜೀಬ್ರಾ ಮೀನಿನ ಮರಿಗಳಲ್ಲೂ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮನುಷ್ಯನ ಮಿದುಳಿನ ಚೂರುಗಳಲ್ಲೂ ಎಷ್ಟೋ ಕೆಲಸ ನಡೆಯುತ್ತಿದೆ. ಇದೆಲ್ಲ ಒಳ್ಳೆಯದೇ. ಆದರೂ ಇಡೀ ಜೀವವೊಂದು ಸೆಟೆದು ಬೀಳುವುದನ್ನೂ, ಬೀಳದೆ ಉಳಿಯುವುದನ್ನೂ ತೋರಿಸಲು ಇಡೀ ಜೀವವೇ ಬೇಕಾಗುತ್ತದೆ. ಇದನ್ನು ಗೆಳತಿಗೆ ಹೇಳಿದೆ. ‘ಇದು ಸಮಿತಿಯ ಉತ್ತರ, ನಿನ್ನದಲ್ಲ’ ಎಂದಳು. ಅದೂ ನಿಜ.

ನನ್ನ ಉತ್ತರ ಯಾವುದು? ಆ ಮಾತ್ರೆಯನ್ನು ನಾನು ಬೇಡವೆನ್ನಲಾರೆ. ತಮ್ಮ ಹೊಸ ಬಚ್ಚಲಿನ ಚಪ್ಪಡಿಯ ಮೇಲೆ ಬಿದ್ದು ಹಣೆ ಒಡೆದುಕೊಂಡ ದಿನವನ್ನು ನೋಡಿದವನು ಹಾಗೆ ಹೇಳಲಾರ. ಆದರೆ ಇಲಿಗೆ ಏನೂ ಆಗಲಿಲ್ಲವೆಂದು ನಟಿಸಲೂ ಆರೆ. ತಿಳಿಯದೆ ಒಂದು ತಲೆಯ ಮೇಲೆ ಬಿಸಿನೀರು ಹುಯ್ದವನ ಕೈ ನನ್ನದು. ತಿಳಿಯುವುದಕ್ಕಾಗಿ ಹುಯ್ದವರ ಕೈ ಅವರದು. ಅವರ ಕೈ ನನ್ನದಕ್ಕಿಂತ ಮೇಲೆಂದೇ ಎಣಿಸುತ್ತೇನೆ. ತಲೆಯ ಕಡೆಯಿಂದ ನೋಡಿದರೆ ಎರಡು ಚೊಂಬೂ ಒಂದೇ.

ಇನ್ನೊಂದು ವ್ಯತ್ಯಾಸ ಉಂಟು. ಅದನ್ನು ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ, ಬಚ್ಚಲಿನಲ್ಲಿ ಕಂಡದ್ದು. ಇಲಿಯ ಮೈ ಕಾವೇರಿದ್ದೂ, ಮಿದುಳಿನ ಗೆರೆಗಳು ಎದ್ದದ್ದೂ, ಎಳೆಗಳು ಚಿಗುರಿದ್ದೂ ತಮ್ಮನ ಕಾಯಿಲೆಯನ್ನು ಅರಿಯಲು ಸಹಾಯವಾಗಿರಬಹುದು. ಆದರೆ ‘ಇನ್ನೂ ಬಿಸಿ ಹುಯ್ಯಣ್ಣ’ ಎಂದು ಇಲಿ ಕೇಳಿರಲಾರದು. ಆ ಗಳಿಗೆಯಲ್ಲಿ ಅವನಿಗೆ ಏನನ್ನಿಸುತ್ತಿತ್ತೆಂದು ಒಮ್ಮೆ ಕೇಳಿದ್ದೆ. ‘ಹಿತವಾಗಿರುತ್ತೆ. ಎಲ್ಲಿಗೋ ಹೋಗ್ತಾ ಇದ್ದ ಹಾಗೆ. ಆಮೇಲೆ ಗೊತ್ತಿಲ್ಲ’ ಎಂದ. ಆ ಹಿತದ ಆಸೆಯಿಂದಲೇ ಅವನು ಮಾತ್ರೆ ಶುರುವಾದ ಮೇಲೂ ಎರಡು ಸಲ ಕದ್ದು ಬಿಸಿನೀರು ಹುಯ್ದುಕೊಂಡ. ಇದಕ್ಕೆ ಇಲಿಯಿಂದ ಔಷಧ ಸಿಗುವುದೋ ಇಲ್ಲವೋ ಕಾಣೆ. ಸದ್ಯಕ್ಕೆ ಔಷಧ ನಾನು: ವಾರಕ್ಕೊಮ್ಮೆ ಬಚ್ಚಲಿನ ಬಾಗಿಲಲ್ಲಿ ನಿಂತು ಚೊಂಬನ್ನು ನನ್ನ ಕೈಯಲ್ಲೇ ಇಟ್ಟುಕೊಳ್ಳುತ್ತೇನೆ.

ಕಳೆದ ದೀಪಾವಳಿಗೆ ಅವನಿಗೆ ಹದಿನಾಲ್ಕು. ಮೀಸೆ ಚಿಗುರುತ್ತಿದೆ, ಅಣ್ಣನಿಂದ ನೀರು ಹುಯ್ಯಿಸಿಕೊಳ್ಳಲು ನಾಚಿಕೆ. ಆದರೂ ಬಂದು ಕೂತ. ಎರಡು ಗಂಟೆ ಮುಂಚೆಯೇ ಅಮ್ಮ ಎಬ್ಬಿಸಿ ಮಾತ್ರೆ ಕೊಟ್ಟಿದ್ದಳು. ಹಂಡೆಯ ನೀರಿಗೆ ಎರಡರಷ್ಟು ತಣ್ಣೀರು ಬೆರೆಸಿ, ಮೊಳಕೈ ಅದ್ದಿ ನೋಡಿ, ಮೊದಲ ಚೊಂಬು ಹುಯ್ದೆ.

‘ಥೂ, ಇದೇನು ಕಲಗಚ್ಚಾ?’ ಎಂದ.

‘ಇಷ್ಟೇ ಬಿಸಿ. ಬೇಕಾದರೆ ಕೂತ್ಕೋ’ ಎಂದೆ.

ನನ್ನ ಓದಿನ ಸುದ್ದಿ ಅವನಿಗೂ ಗೊತ್ತಿತ್ತು. ಸೀಗೆಕಾಯಿ ಕಣ್ಣಿಗಿಳಿಯುತ್ತಿದ್ದಂತೆ ಕಣ್ಣು ಮುಚ್ಚಿಕೊಂಡೇ ಕೇಳಿದ: ‘ಅಣ್ಣಾ, ಆ ಇಲಿಗಳಿಗೆ ಹುಯ್ದರಲ್ಲ, ಆಮೇಲೆ ಮೈ ಒರೆಸಿದ್ರಾ?’

ನಾನು ಓದಿದ ಪುಟಗಳಲ್ಲಿ ಆ ಮಾತು ಇರಲಿಲ್ಲ. ಗೊತ್ತಿಲ್ಲವೆಂದೆ. ಅವನು ಒಂದಿಷ್ಟು ಹೊತ್ತು ಸುಮ್ಮನಿದ್ದು, ‘ಸರಿ ಹುಯ್ಯಿ, ಚಳಿಯಾಗುತ್ತೆ’ ಎಂದ. ಚೊಂಬಿನೊಳಗೆ ಇನ್ನೊಮ್ಮೆ ಬೆರಳಿಟ್ಟು ನೋಡಿ ಹುಯ್ದೆ.